ಅಂಗಳದ ವಸಂತದ ಹೂಗಳು ಹೂದಾನಿಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿಯ ಹೊತ್ತಿಗೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮ ಕಡೆಯ ಮಾತು. ಅಲ್ಲಿಂದ ಯುಗಾದಿಯನ್ನು ದಾಟಿ ಮುಂಗಾರು ಬರುವವರೆಗಿನ ತಿಂಗಳುಗಳಲ್ಲಿ ಕುಂಡಗಳಲ್ಲಿಯೂ ಹಿತ್ತಲಿನಲ್ಲಿಯೂ ಅರಳುವ ಹೂಗಳನ್ನು ಮನೆಯೊಳಗೆ ತಂದು ಕೆಲವು ದಿನ ಉಳಿಸಿಕೊಳ್ಳಬೇಕೆನ್ನುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬೆಂಗಳೂರು, ಮೈಸೂರು ಮತ್ತು ಮಲೆನಾಡಿನ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುವುದರಿಂದ, ಬಿಸಿಲು ಹೆಚ್ಚಿರುವ ಕಲಬುರಗಿ, ರಾಯಚೂರಿನ ಕಡೆಯವರು ಇಲ್ಲಿ ಹೇಳಿದ ದಿನಗಳ ಲೆಕ್ಕದಿಂದ ಒಂದೆರಡನ್ನು ಕಳೆದುಕೊಳ್ಳುವುದು ಒಳಿತು.

ವಸಂತದ ಹೂ ಎಂದರೆ ಟ್ಯೂಲಿಪ್, ಡ್ಯಾಫೊಡಿಲ್ ಅಲ್ಲವೇ? ನಮ್ಮಲ್ಲಿ ಅಂಥವು ಎಲ್ಲಿವೆ?

ಅವು ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ನಾಡಿನ ವಸಂತದ ಹೂಗಳು. ಟ್ಯೂಲಿಪ್ ಗೆಡ್ಡೆಗೆ ಹಲವು ವಾರಗಳ ಕಟ್ಟುನಿಟ್ಟಾದ ಚಳಿ ಸಿಕ್ಕದಿದ್ದರೆ ಅದು ಸರಿಯಾಗಿ ಹೂ ಬಿಡುವುದಿಲ್ಲ. ಬೆಂಗಳೂರಿನ ಬಾಲ್ಕನಿಯಲ್ಲಿ ಅದನ್ನು ಬೆಳೆಯಲು ಹೊರಡುವುದು ಫ್ರಿಜ್ಜಿನೊಂದಿಗೆ ಮಾಡುವ ಒಂದು ಸಾಹಸವೇ ಹೊರತು ತೋಟಗಾರಿಕೆಯಲ್ಲ. ನಮ್ಮ ವಸಂತದಲ್ಲಿ ಕೊರತೆಯೇನೂ ಇಲ್ಲ. ಚಳಿಗಾಲದ ಕೊನೆಯ ಗ್ಲಾಡಿಯೋಲಸ್, ಡೇಲಿಯಾ ಮತ್ತು ಕಾಸ್ಮೋಸ್ ಮುಗಿಯುವಷ್ಟರಲ್ಲಿ ಜಿನ್ನಿಯಾ ಶುರುವಾಗುತ್ತದೆ. ಗುಲಾಬಿ ಮತ್ತು ಜರ್ಬೆರಾ ಸದಾ ಇದ್ದೇ ಇರುತ್ತವೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಅಮರಿಲ್ಲಿಸ್ ಎಂದು ನರ್ಸರಿಗಳಲ್ಲಿ ಕರೆಯುವ ಕೆಂಪು ಗೆಡ್ಡೆಹೂ ಅರಳುತ್ತದೆ. ಮೊದಲ ಮಳೆ ಬಿದ್ದೊಡನೆ ಫುಟ್‌ಬಾಲ್ ಲಿಲಿ ತನ್ನ ಕೆಂಪು ಚೆಂಡನ್ನು ಎತ್ತಿ ನಿಲ್ಲಿಸುತ್ತದೆ. ಇವುಗಳ ಜೊತೆಗೆ ಸುಗಂಧರಾಜ, ಮಲ್ಲಿಗೆ, ಸಂಪಿಗೆ, ದಾಸವಾಳ, ಕಾಗದದ ಹೂ; ಮಲೆನಾಡು ಮತ್ತು ಕೊಡಗಿನ ಮನೆಗಳಲ್ಲಿ ಆಂಥೂರಿಯಂ.

ಆದರೆ ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಳ್ಳಬೇಕು. ನಮ್ಮ ಹೂಗಳಲ್ಲಿ ಬಹುಪಾಲು ದೇವರ ಪೀಠಕ್ಕೂ ಮುಡಿಗೂ ದಾರಕ್ಕೂ ಒಗ್ಗಿದವು; ಅವುಗಳಿಗೆ ಉದ್ದನೆಯ ದಂಟೇ ಇಲ್ಲ. ಹೂದಾನಿಯನ್ನು ಮೊದಲು ಕೊಂಡು ಅದಕ್ಕೆ ಹೊಂದುವ ಹೂವನ್ನು ಹುಡುಕುವ ಬದಲು, ಅಂಗಳದಲ್ಲಿರುವ ಹೂವನ್ನು ನೋಡಿ ಅದಕ್ಕೆ ತಕ್ಕ ಪಾತ್ರೆಯನ್ನು ಆರಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಹೂವನ್ನು ಯಾವ ಹೊತ್ತಿನಲ್ಲಿ ಕೊಯ್ಯಬೇಕು?

ಬೆಳಗ್ಗೆ, ಬಿಸಿಲು ಏರುವ ಮುನ್ನ. ರಾತ್ರಿಯಿಡೀ ಬೇರು ಎಳೆದ ನೀರು ದಂಟಿನಲ್ಲಿಯೂ ದಳದಲ್ಲಿಯೂ ತುಂಬಿಕೊಂಡಿರುವ ಸಮಯವದು. ಬೆಳಗ್ಗೆ ಬಿಡುವಿಲ್ಲದವರು ಸಂಜೆ ಸೂರ್ಯ ಮುಳುಗಿದ ಮೇಲೆ ಕೊಯ್ಯಬಹುದು. ಆಗ ನೀರಿನ ಅಂಶ ಸ್ವಲ್ಪ ಕಡಿಮೆಯಿದ್ದರೂ, ಹಗಲಿನಲ್ಲಿ ಎಲೆಗಳು ತಯಾರಿಸಿದ ಸಕ್ಕರೆ ಗಿಡದಲ್ಲಿರುತ್ತದೆ. ಮಧ್ಯಾಹ್ನ ಮಾತ್ರ ಬೇಡ. ಕೊಯ್ಯುವ ಹಿಂದಿನ ಸಂಜೆ ಗಿಡಕ್ಕೆ ಚೆನ್ನಾಗಿ ನೀರುಣಿಸಿ, ಕೊಯ್ಯುವಾಗ ಒಂದು ಬಕೆಟ್ ನೀರನ್ನು ಗಿಡದ ಬುಡಕ್ಕೇ ಒಯ್ಯಬೇಕು. ಕೈಯಲ್ಲಿ ಹೂಗೊಂಚಲು ಹಿಡಿದು ನೆರೆಮನೆಯವರೊಡನೆ ಮಾತಿಗೆ ನಿಂತ ಹತ್ತು ನಿಮಿಷದಲ್ಲಿ ದಂಟಿನ ತುದಿಗೆ ಗಾಳಿ ನುಗ್ಗಿಬಿಡುತ್ತದೆ.

ಅರಳಿದ ಹೂವನ್ನು ಕೊಯ್ಯಬೇಕೋ, ಮೊಗ್ಗನ್ನೋ?

ಒಂದೊಂದು ಹೂವಿಗೆ ಒಂದೊಂದು ನಿಯಮವಿದೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಗುಲಾಬಿಯನ್ನು ಅದರ ಹೊರಗಿನ ಒಂದೆರಡು ದಳಗಳು ಬಿಚ್ಚಿಕೊಳ್ಳಲು ತೊಡಗಿದಾಗ ಕತ್ತರಿಸಬೇಕು. ಬಿಗಿಯಾದ ಹಸಿರು ಮೊಗ್ಗನ್ನು ತಂದರೆ ಅದು ಅರಳದೆಯೇ ಕುತ್ತಿಗೆ ಬಾಗಿಸುತ್ತದೆ. ಗ್ಲಾಡಿಯೋಲಸ್‌ನ ಹೂದಂಟಿನಲ್ಲಿ ಕೆಳಗಿನ ಒಂದೆರಡು ಮೊಗ್ಗುಗಳು ಬಣ್ಣ ತೋರಿಸಿದರೆ ಸಾಕು. ಉಳಿದವು ಮನೆಯಲ್ಲಿ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುತ್ತವೆ. ಸುಗಂಧರಾಜದಲ್ಲಿ ಕೆಳಗಿನ ಎರಡು ಮೂರು ಹೂಗಳು ಅರಳಿರಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸುಗಂಧರಾಜದಲ್ಲಿ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ಇವುಗಳಲ್ಲಿ ಹಲವು ಸುತ್ತಿನ ದಳಗಳಿರುವ ಸುವಾಸಿನಿಯು ಹೂದಾನಿಗೆ ಒಪ್ಪುತ್ತದೆ. ಒಂದೇ ಸುತ್ತಿನ ಹೂಗಳು ಹಾರಕ್ಕೂ ಬಿಡಿಹೂವಿನ ವ್ಯಾಪಾರಕ್ಕೂ ಹೆಚ್ಚು ಸಲ್ಲುತ್ತವೆ.

ಇದಕ್ಕೆ ವಿರುದ್ಧವಾಗಿ ಡೇಲಿಯಾ, ಜಿನ್ನಿಯಾ ಮತ್ತು ಜರ್ಬೆರಾ ಕೊಯ್ದ ಮೇಲೆ ಮುಂದಕ್ಕೆ ಅರಳುವುದಿಲ್ಲವೆಂದೇ ತಿಳಿಯಬೇಕು. ಅವುಗಳನ್ನು ಪೂರ್ತಿ ಅರಳಿದಾಗಲೇ ತರಬೇಕು. ಜಿನ್ನಿಯಾವನ್ನು ಪರೀಕ್ಷಿಸಲು ಸುಲಭದ ಉಪಾಯವೊಂದಿದೆ: ಹೂವಿನಿಂದ ಒಂದು ಗೇಣು ಕೆಳಗೆ ದಂಟನ್ನು ಹಿಡಿದು ಮೆಲ್ಲಗೆ ಅಲುಗಿಸಿದಾಗ ತಲೆ ತೂಗಾಡಿದರೆ ಅದಿನ್ನೂ ಎಳಸು, ದಂಟು ನೆಟ್ಟಗೆ ನಿಂತರೆ ಕೊಯ್ಯಬಹುದು. ಆಂಥೂರಿಯಂನಲ್ಲಿ ನಾವು ಹೂವೆಂದು ಕರೆಯುವ ಕೆಂಪು ಭಾಗವು ನಿಜವಾಗಿ ಒಂದು ಬಗೆಯ ಎಲೆ. ನಡುವಿನ ಕಡ್ಡಿಯ ಮೇಲಿರುವ ನುಣುಪಾದ ಚುಕ್ಕೆಗಳೇ ಹೂಗಳು. ಆ ಕಡ್ಡಿಯ ಅರ್ಧಕ್ಕಿಂತ ಹೆಚ್ಚು ಭಾಗ ಬಣ್ಣ ಬದಲಿಸಿದ ಮೇಲೆ ಕತ್ತರಿಸಿದರೆ ಅದು ಎರಡು ವಾರಕ್ಕೂ ಮಿಕ್ಕಿ ಬಾಳುತ್ತದೆ. ನಮ್ಮ ಅಂಗಳದ ಹೂಗಳಲ್ಲಿ ಇಷ್ಟು ಆಯುಷ್ಯ ಇನ್ನಾವುದಕ್ಕೂ ಇದ್ದಂತಿಲ್ಲ.

ದಂಟನ್ನು ಓರೆಯಾಗಿ ಕತ್ತರಿಸಬೇಕೆ? ಕೆಲವರು ಜಜ್ಜುತ್ತಾರಲ್ಲ?

ಓರೆಯಾಗಿ ಕತ್ತರಿಸಿದರೆ ದಂಟು ಪಾತ್ರೆಯ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳದೆ ನೀರೆಳೆಯುವ ದಾರಿ ತೆರೆದಿರುತ್ತದೆ. ಕೋನಕ್ಕಿಂತ ಕತ್ತಿಯ ಹರಿತವೇ ಮುಖ್ಯ. ಮೊಂಡ ಕತ್ತರಿಯು ನೀರು ಸಾಗುವ ಸಣ್ಣ ನಾಳಗಳನ್ನು ಹಿಸುಕಿಬಿಡುತ್ತದೆ. ಕಲ್ಲಿನಿಂದ ಜಜ್ಜುವುದು ಅದೇ ಹಾನಿಯನ್ನು ಇನ್ನೂ ಜೋರಾಗಿ ಮಾಡುತ್ತದೆ ಮತ್ತು ಜಜ್ಜಿದ ನಾರಿನಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಗಟ್ಟಿ ಕೊಂಬೆಗಳ ತುದಿಯನ್ನು ಒಂದು ಅಂಗುಲದಷ್ಟು ಉದ್ದಕ್ಕೆ ಸೀಳಿದರೆ ಸಾಕು. ಮನೆಯೊಳಗೆ ತಂದ ಮೇಲೆ ದಂಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿ ಮತ್ತೊಮ್ಮೆ ಕತ್ತರಿಸುವುದರಿಂದ, ಬರುವ ದಾರಿಯಲ್ಲಿ ನಾಳದೊಳಗೆ ಸೇರಿಕೊಂಡ ಗಾಳಿಗುಳ್ಳೆ ತುಂಡಾದ ಭಾಗದೊಂದಿಗೇ ಹೋಗುತ್ತದೆ. ಆಮೇಲೆ ಒಂದೆರಡು ಗಂಟೆ ಕತ್ತಲೆಯ, ತಂಪಾದ ಮೂಲೆಯಲ್ಲಿ ಕುತ್ತಿಗೆಯವರೆಗೆ ನೀರಿನಲ್ಲಿರಿಸಿ, ನಂತರ ಜೋಡಿಸಬೇಕು.

ಹಾಲು ಒಸರುವ ದಂಟುಗಳ ವಿಷಯ ಬೇರೆ. ದೇವಕಣಗಿಲೆ, ಪಾಯಿನ್ಸೆಟಿಯಾ ಮೊದಲಾದವುಗಳ ತುದಿಯಲ್ಲಿ ಆ ಹಾಲು ಹೆಪ್ಪುಗಟ್ಟಿ ನೀರಿನ ದಾರಿಯನ್ನು ಮುಚ್ಚುತ್ತದೆ. ತುದಿಯನ್ನು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಹಾಲು ಒಸರುವುದು ನಿಲ್ಲುತ್ತದೆ. ಹೂವಿಗೆ ಹಬೆ ತಗಲದಂತೆ ಅದನ್ನು ಕಾಗದದಿಂದ ಸುತ್ತಿರಬೇಕು.

ಅಮರಿಲ್ಲಿಸ್‌ನ ದಂಟು ಪೊಳ್ಳು. ಹೂವಿನ ತಲೆಭಾರಕ್ಕೆ ಅದು ನಡುವೆಯೇ ಮುರಿಯುವುದುಂಟು, ತುದಿಯು ಸೀಳಿ ಸುರುಳಿ ಸುತ್ತಿಕೊಳ್ಳುವುದೂ ಉಂಟು. ದಂಟನ್ನು ತಲೆಕೆಳಗಾಗಿ ಹಿಡಿದು ನೀರು ತುಂಬಿಸಿ, ಹತ್ತಿಯಿಂದ ಬಿರಟೆ ಹಾಕಿ, ತುದಿಗೊಂದು ರಬ್ಬರ್ ಬ್ಯಾಂಡ್ ಸುತ್ತಿದರೆ ಎರಡೂ ತೊಂದರೆ ತಪ್ಪುತ್ತದೆ.

ಬೋರ್‌ವೆಲ್ ನೀರು ಆಗುತ್ತದೆಯೇ?

ಆಗುತ್ತದೆ, ಆದರೆ ಗಡಸು ನೀರಿನಲ್ಲಿ ಹೂಗಳ ಆಯುಷ್ಯ ಕಡಿಮೆ. ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಅದಕ್ಕಿಂತ ಮೇಲು. ಅಪಾರ್ಟ್‌ಮೆಂಟುಗಳಲ್ಲಿ ಗಡಸು ನೀರನ್ನು ಮೆದುಗೊಳಿಸಲು ಉಪ್ಪಿನ ಸಾಫ್ಟ್‌ನರ್ ಅಳವಡಿಸಿರುತ್ತಾರೆ. ಕ್ಯಾಲ್ಸಿಯಂ ಇದ್ದ ಜಾಗಕ್ಕೆ ಸೋಡಿಯಂ ಬಂದ ಆ ನೀರು ಸ್ನಾನಕ್ಕೆ ಹಿತವಾದರೂ ಗುಲಾಬಿಗೂ ಕಾರ್ನೇಷನ್‌ಗೂ ಗಡಸು ನೀರಿಗಿಂತ ಕೆಟ್ಟದ್ದು. ಹೂವು ಎರಡೇ ದಿನಕ್ಕೆ ಸೋಲುತ್ತಿದ್ದರೆ ಕತ್ತರಿಸಿದ ಕೈಯನ್ನು ದೂರುವ ಮೊದಲು ನಲ್ಲಿಯನ್ನು ಅನುಮಾನಿಸಬಹುದು. ಶುದ್ಧೀಕರಣ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಲವಣಾಂಶ ಹೆಚ್ಚಾಗಿರುವುದರಿಂದ ಅದನ್ನು ಹೂದಾನಿಗೆ ಬಳಸಬಾರದು. ನೆಲ ಒರೆಸಲು ಬಳಸಿಕೊಳ್ಳಬಹುದು.

ನೀರಿಗೆ ಸಕ್ಕರೆ, ಆಸ್ಪಿರಿನ್, ತಾಮ್ರದ ನಾಣ್ಯ ಹಾಕಬೇಕೆನ್ನುತ್ತಾರೆ. ಯಾವುದು ನಿಜ?

ಕೊಯ್ದ ಹೂವಿಗೆ ಬೇಕಾದವು ಮೂರು: ಅರಳಲು ಸಕ್ಕರೆ, ನೀರು ಸಲೀಸಾಗಿ ಮೇಲೇರಲು ಸ್ವಲ್ಪ ಹುಳಿ, ಮತ್ತು ಬ್ಯಾಕ್ಟೀರಿಯಾ ತಡೆಯುವ ಏನಾದರೊಂದು ವಸ್ತು. ಸಕ್ಕರೆಯೊಂದನ್ನೇ ಹಾಕಿದರೆ ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಗಳಿಗೆ ಔತಣವಾಗುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ ಬೆರೆಸಿ ಕರಗಿಸಿ, ಕೊನೆಯಲ್ಲಿ ಕಾಲು ಟೀ ಚಮಚದಷ್ಟು ಮನೆಬಳಕೆಯ ಬ್ಲೀಚ್ ದ್ರಾವಣ ಸೇರಿಸುವುದು ಬಹಳ ಕಡೆ ರೂಢಿಯಲ್ಲಿರುವ ಅಳತೆ. ಬ್ಲೀಚನ್ನು ನಿಂಬೆರಸಕ್ಕೆ ನೇರವಾಗಿ ಎಂದೂ ಸುರಿಯಬಾರದು, ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ. ನಿಂಬೆರಸವು ಪೂರ್ತಿ ಒಂದು ಲೀಟರ್ ನೀರಿನಲ್ಲಿ ಬೆರೆತು ತಿಳಿಯಾದ ಮೇಲೆಯೇ ಬ್ಲೀಚ್ ಸೇರಬೇಕು. ಮಕ್ಕಳಿರುವ ಮನೆಯಲ್ಲಿ ಇಷ್ಟೆಲ್ಲ ಬೇಡವೆನಿಸಿದರೆ ದಿನವೂ ನೀರು ಬದಲಿಸುವುದು ಇದಕ್ಕೆ ಸಮನಾದ ಉಪಾಯ, ಮತ್ತು ನಾನು ಮಾಡುವುದೂ ಅದನ್ನೇ.

ಆಸ್ಪಿರಿನ್‌ನಿಂದ ಗಮನಿಸುವಂಥ ಪ್ರಯೋಜನವನ್ನು ನಾನು ಕಂಡಿಲ್ಲ. ತಾಮ್ರಕ್ಕೆ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವ ಗುಣವಿರುವುದು ನಿಜವಾದರೂ, ಈಗಿನ ಒಂದು ರೂಪಾಯಿಯ ನಾಣ್ಯವು ಸ್ಟೀಲಿನದು. ಅದನ್ನು ನೀರಿಗೆ ಹಾಕಿದರೆ ಹೂವಿಗೆ ಕಾಣಿಕೆ ಕೊಟ್ಟಂತಾಗುತ್ತದೆಯಷ್ಟೆ. ಹಿತ್ತಾಳೆ ಅಥವಾ ತಾಮ್ರದ ಚೊಂಬಿನಲ್ಲಿ ಹೂವಿಡುವವರು ನಿಂಬೆರಸ ಬೆರೆಸಬಾರದು, ಲೋಹವು ಹುಳಿಗೆ ಕರಗುತ್ತದೆ. ಒಳಗೊಂದು ಗಾಜಿನ ಲೋಟವನ್ನಿಟ್ಟು ಅದರಲ್ಲಿ ಹೂ ನಿಲ್ಲಿಸಿದರೆ ಚೊಂಬಿನ ಅಂದವೂ ಉಳಿಯುತ್ತದೆ.

ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಹೂವಿನ ಸಲುವಾಗಿ ಎರಡು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ದಿನಕ್ಕೊಮ್ಮೆ. ಮನೆಯವರ ಸಲುವಾಗಿಯೂ ಇದನ್ನು ತಪ್ಪಿಸಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಚರಂಡಿಗಿಂತ ಮನೆಯೊಳಗಿನ ತಿಳಿನೀರನ್ನೇ ಇಷ್ಟಪಡುತ್ತದೆ, ಮತ್ತು ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಬರಿಯ ನೀರು ಚೆಲ್ಲಿದರೆ ಕೆಲಸ ಮುಗಿಯಲಿಲ್ಲ, ಏಕೆಂದರೆ ಅದರ ಮೊಟ್ಟೆಗಳು ನೀರಿನ ಗೆರೆಯ ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬ್ರಷ್‌ನಿಂದ ಒಳಭಾಗವನ್ನು ಉಜ್ಜಿ ತೊಳೆಯಬೇಕು. ಕೈ ಹೋಗದಷ್ಟು ಕಿರಿದಾದ ಕತ್ತಿನ ಹೂದಾನಿಗೆ ಒಂದು ಹಿಡಿ ಅಕ್ಕಿ, ಸೋಪಿನ ನೀರು ಹಾಕಿ ಕುಲುಕಿದರೆ ಆಗುತ್ತದೆ. ಮನಿಪ್ಲಾಂಟ್ ಇಟ್ಟ ಬಾಟಲಿಗಳಿಗೂ ಈ ಮಾತು ಅನ್ವಯಿಸುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗಿರುವ ಎಲೆಗಳನ್ನೆಲ್ಲ ಮೊದಲೇ ತೆಗೆದಿದ್ದರೆ ನೀರು ನಾರುವುದು ಬಹಳ ಮಟ್ಟಿಗೆ ತಪ್ಪುತ್ತದೆ.

ಜರ್ಬೆರಾ ಮರುದಿನವೇ ತಲೆಬಾಗಿಸುತ್ತದೆ. ಏಕೆ?

ನೀರು ಹೆಚ್ಚಾದುದರಿಂದ ಇರಬಹುದು. ಅದರ ದಂಟಿನ ಮೇಲೆ ನವಿರಾದ ರೋಮಗಳಿದ್ದು, ಆಳದ ನೀರಿನಲ್ಲಿ ಬೇಗ ಕೊಳೆಯುತ್ತದೆ. ಮೂರು ನಾಲ್ಕು ಬೆರಳಿನಷ್ಟು ಆಳದ ನೀರು ಸಾಕು.

ದಾಸವಾಳ, ಮಲ್ಲಿಗೆ, ಸಂಪಿಗೆಗಳಿಗೆ ದಂಟಿಲ್ಲ. ಅವುಗಳನ್ನು ಹೂದಾನಿಯಲ್ಲಿ ಇಡುವುದು ಹೇಗೆ?

ಇಡಬೇಕಾಗಿಯೇ ಇಲ್ಲ. ದಾಸವಾಳದ ಹೆಚ್ಚಿನ ಬಗೆಗಳು ಒಂದೇ ದಿನದ ಹೂಗಳು. ನೀರಿನಲ್ಲಿಟ್ಟರೂ ಸಂಜೆಗೆ ಮುದುಡುತ್ತವೆ, ನೀರಿಲ್ಲದೆ ಬರಿಯ ತಟ್ಟೆಯಲ್ಲಿಟ್ಟರೂ ಸಂಜೆಯವರೆಗೆ ನಗುತ್ತಲೇ ಇರುತ್ತವೆ. ಆದುದರಿಂದ ಊಟದ ಮೇಜಿನ ಮೇಲೆ ಒಂದು ಬಾಳೆಲೆಯ ತುಂಡಿನಲ್ಲಿ ಮೂರು ದಾಸವಾಳ ಇಟ್ಟರೆ ಅದೇ ಅಲಂಕಾರ, ನೀರು ಚೆಲ್ಲುವ ಭಯವೂ ಇಲ್ಲ.

ಮಲ್ಲಿಗೆಯ ಸೊಗಸು ಅದು ಅರಳುವ ಗಳಿಗೆಯಲ್ಲಿದೆ. ಮೈಸೂರು, ಉಡುಪಿ ಮತ್ತು ಹಡಗಲಿ ಮಲ್ಲಿಗೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದ್ದು, ಯಾವುದು ಮೇಲೆಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಬೆಳ್ಳಗೆ ಬಲಿತು ಇನ್ನೂ ಬಿರಿಯದ ಮೊಗ್ಗುಗಳನ್ನು ಬೆಳಗ್ಗೆ ಬಿಡಿಸಿ, ಒದ್ದೆ ಬಾಳೆಲೆಯಲ್ಲಿ ಮಡಿಚಿಟ್ಟು, ದೀಪ ಹಚ್ಚುವ ಹೊತ್ತಿಗೆ ಅಗಲವಾದ ಬಟ್ಟಲಿಗೆ ಸುರಿದರೆ ಕಣ್ಣೆದುರೇ ಬಿರಿದು ಕೋಣೆಯೆಲ್ಲ ಘಮಘಮಿಸುತ್ತದೆ. ನೀರಿನಲ್ಲಿ ತೇಲಿಬಿಟ್ಟರೆ ದಳದ ಅಂಚು ಬೇಗ ಕಂದುತ್ತದೆ.

ತೇಲಿಸಲು ಯೋಗ್ಯವಾದವು ಸಂಪಿಗೆ, ದೇವಕಣಗಿಲೆ, ತೊಟ್ಟಿಲ್ಲದ ಗುಲಾಬಿ. ಅಗಲ ಬಾಯಿಯ ಉರುಳಿಯನ್ನು ಮುಕ್ಕಾಲು ತುಂಬಿಸಿ, ನೀರಿನ ಅರ್ಧದಷ್ಟು ಜಾಗ ಖಾಲಿ ಕಾಣುವಂತೆ ಹೂ ಬಿಡಬೇಕು. ಹೋಟೆಲುಗಳ ಮುಂಬಾಗಿಲಿನಲ್ಲಿ ನೀರೇ ಕಾಣದಂತೆ ಚೆಂಡುಹೂವಿನ ದಳ ತುಂಬಿಸಿಟ್ಟಿರುತ್ತಾರೆ. ಅದು ಹೂರಾಶಿ ಮಾತ್ರ. ಕೆಂಡಸಂಪಿಗೆಯ ಒಂದೇ ಹೂವನ್ನು ನೀರು ತುಂಬಿದ ಗಾಜಿನ ಬಾಟಲಿಯಲ್ಲಿ ಮುಳುಗಿಸಿ ಗಾಳಿಯಾಡದಂತೆ ಬಿರಟೆ ಹಾಕಿಡುವ ಪದ್ಧತಿ ಕೆಲವು ಹಳೆಯ ಮನೆಗಳಲ್ಲಿತ್ತು. ಅದರಲ್ಲಿ ಹೂವಿನ ಆಕಾರ ಬಹುಕಾಲ ಉಳಿಯುತ್ತದೆ, ಪರಿಮಳ ಮಾತ್ರ ಸಿಕ್ಕುವುದಿಲ್ಲ.

ಕಾಗದದ ಹೂ ಗಿಡದಲ್ಲಿ ವಾರಗಟ್ಟಲೆ ಇರುತ್ತದೆ, ಹೂದಾನಿಯಲ್ಲಿ ಒಂದೇ ದಿನಕ್ಕೆ ಸೊರಗುತ್ತದೆ. ಪರಿಹಾರವಿದೆಯೇ?

ಸ್ವಲ್ಪ ಮಟ್ಟಿಗೆ ಇದೆ. ಅಲ್ಲಿಯೂ ಬಣ್ಣದ ಭಾಗವು ಹೂವಲ್ಲ, ಎಲೆಯೇ. ಅದು ಹಸಿರೆಲೆಗಳೊಂದಿಗೆ ನೀರಿಗಾಗಿ ಪೈಪೋಟಿ ನಡೆಸುತ್ತದೆ. ಹಸಿರೆಲೆಗಳನ್ನು ಪೂರ್ತಿ ಬಿಡಿಸಿ, ಇಡೀ ಕೊಂಬೆಯನ್ನು ಒಂದು ಗಂಟೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಹೂದಾನಿಗೆ ಸೇರಿಸಿದರೆ ಮೂರು ನಾಲ್ಕು ದಿನ ಬರಬಹುದು. ಅದಕ್ಕಿಂತ ಹೆಚ್ಚು ಬಯಸುವವರು ಕಿಟಕಿಯಾಚೆ ನೋಡುವುದೇ ಲೇಸು.

ಮಾವು, ಬೇವು, ಕಾಫಿಯಂಥ ಹೂಬಿಟ್ಟ ಕೊಂಬೆಗಳನ್ನು ಇಡಬಹುದೇ?

ಯುಗಾದಿಯ ಬೆಳಗ್ಗೆ ಬೇವಿನ ಹೂಗೊಂಚಲನ್ನು ಹೇಗೂ ತರುವ ನಮಗೆ ಅದರದೊಂದು ಕೊಂಬೆಯನ್ನು ಹಿತ್ತಾಳೆ ಚೊಂಬಿನಲ್ಲಿ ನಿಲ್ಲಿಸುವುದು ಹೊಸದೇನೂ ಆಗಲಾರದು. ಜೇನಿನಂಥ ಆ ನವಿರು ವಾಸನೆ ಎರಡು ದಿನ ಇರುತ್ತದೆ, ಮೂರನೆಯ ದಿನ ಸಣ್ಣ ಹೂಗಳು ಮೇಜಿನ ತುಂಬ ಉದುರುತ್ತವೆ. ಮಾವಿನ ಹೂವಿನ ಗೊಂಚಲನ್ನು ಮುರಿದರೆ ಹಣ್ಣನ್ನೇ ಮುರಿದಂತೆ, ಅದು ಮರದಲ್ಲಿರಲಿ.

ಕಾಫಿಯ ಹೂವಿನ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬೀಳುವ ಹೂಮಳೆಯ ನಂತರ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಮ್ಮೆಗೇ ಬೆಳ್ಳಗಾಗಿ, ಮಲ್ಲಿಗೆಯ ನೆಂಟನಂಥ ಪರಿಮಳವನ್ನು ಮೂರು ನಾಲ್ಕು ದಿನ ಸೂಸಿ, ಕಂದು ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಅಲ್ಪಾಯುಷ್ಯದ ಹೂವನ್ನು ಮನೆಯೊಳಗೆ ತಂದು ಆಯುಷ್ಯ ಹೆಚ್ಚಿಸಲಾಗದು, ತಂದ ಪ್ರತಿ ಕೊಂಬೆಯೂ ಒಂದು ಬೊಗಸೆ ಹಣ್ಣಿನ ನಷ್ಟ. ಗೆರೆ ತಪ್ಪಿ ಬೆಳೆದು ಹೇಗೂ ಕತ್ತರಿಸಬೇಕಾಗಿದ್ದ ಕೊಂಬೆಯೊಂದು ಸಿಕ್ಕಿದರೆ, ಅದೂ ತೋಟ ನಿಮ್ಮದೇ ಆಗಿದ್ದರೆ, ಒಂದು ದಿನದ ಮಟ್ಟಿಗೆ ತನ್ನಿ.

ಬೆಂಗಳೂರಿನ ರಸ್ತೆಗಳಲ್ಲಿ ಅರಳುವ ಟಬೂಬಿಯಾ, ಕಕ್ಕೆ, ಗುಲ್‌ಮೊಹರ್‌ಗಳಿಗೆ ಕೈ ಹಾಕಬಾರದು. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಂತೂ ಹೂ ಕೀಳುವಂತೆಯೇ ಇಲ್ಲ. ಉದುರಿದ ಟಬೂಬಿಯಾ ಹೂಗಳನ್ನು ಬೆಳಗಿನ ನಡಿಗೆಯಲ್ಲಿ ಆರಿಸಿ ತಂದು ಬಟ್ಟಲಿನಲ್ಲಿ ತೇಲಿಸಬಹುದು.

ದೇವರಿಗೆ ಏರಿಸುವ ಹೂವನ್ನು ಹೂದಾನಿಗೆ ಇಡುವುದನ್ನು ಮನೆಯ ಹಿರಿಯರು ಒಪ್ಪುವುದಿಲ್ಲ. ಏನು ಮಾಡಲಿ?

ಅವರ ಮಾತಿನಲ್ಲಿ ಅರ್ಥವಿದೆ. ಪೂಜೆಯ ಹೂವನ್ನು ಮೂಸಿನೋಡಬಾರದು, ಮುಡಿದುದನ್ನು ಏರಿಸಬಾರದು ಎಂಬ ಶಿಸ್ತಿನಲ್ಲಿ ಬೆಳೆದವರಿಗೆ ಹೂದಾನಿಯೆಂಬುದು ಹೂವನ್ನು ವ್ಯರ್ಥ ಮಾಡುವ ಬಗೆಯಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಇದು ಗಿಡಗಳನ್ನೇ ಹಂಚಿಕೊಳ್ಳುವುದರಿಂದ ಬಗೆಹರಿಯಿತು: ನಂದಿಬಟ್ಟಲು, ದಾಸವಾಳ, ಕಣಗಿಲೆಗಳು ಅತ್ತೆಯವರ ಬುಟ್ಟಿಗೆ, ಜರ್ಬೆರಾ, ಗ್ಲಾಡಿಯೋಲಸ್, ಆಂಥೂರಿಯಂಗಳು ನನ್ನ ಕತ್ತರಿಗೆ. ಗುಲಾಬಿಯ ಮೇಲಿನ ಹಕ್ಕಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಪೂಜೆಯ ಮೂಲೆಯ ಪಕ್ಕದಲ್ಲಿಯೇ ಒಂದು ಹೂದಾನಿ ಇಡುವುದರಿಂದಲೂ ಕೆಲವು ಮನೆಗಳಲ್ಲಿ ಮಾತು ಮುಗಿದಿದೆ.

ಹೂದಾನಿಯನ್ನು ಮನೆಯಲ್ಲಿ ಎಲ್ಲಿಡಬೇಕು?

ನೇರ ಬಿಸಿಲಿನಲ್ಲಿ ಬೇಡ, ಫ್ಯಾನಿನ ಕೆಳಗೆ ಬೇಡ, ಹಣ್ಣಿನ ಬುಟ್ಟಿಯ ಹತ್ತಿರ ಖಂಡಿತ ಬೇಡ. ಹಣ್ಣಾಗುವ ಬಾಳೆ ಮತ್ತು ಮಾವು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ. ಕಾಯಿಯನ್ನು ಹಣ್ಣು ಮಾಡುವ ಅದೇ ಅನಿಲವು ಹೂವನ್ನು ಬಾಡಿಸುತ್ತದೆ. ಆರ್ಕಿಡ್, ಕಾರ್ನೇಷನ್ ಮತ್ತು ಕಾಗದದ ಹೂವು ಇದಕ್ಕೆ ಬಹಳ ಸೂಕ್ಷ್ಮ. ಏಪ್ರಿಲ್‌ನಲ್ಲಿ ಮೂಲೆಯಲ್ಲಿ ಹುಲ್ಲು ಹಾಸಿ ಮಾವಿನಕಾಯಿ ಹಣ್ಣಿಗಿಟ್ಟಿದ್ದ ಕೋಣೆಯಲ್ಲಿಯೇ ಆರ್ಕಿಡ್ ಇಟ್ಟು, ಎರಡನೆಯ ದಿನವೇ ಅದನ್ನು ಕಳೆದುಕೊಂಡ ಮೇಲೆ ನನಗಿದು ಚೆನ್ನಾಗಿ ನೆನಪಿನಲ್ಲಿದೆ. ರಾತ್ರಿ ಫ್ರಿಜ್ಜಿನಲ್ಲಿಡುವ ಅಭ್ಯಾಸ ಗುಲಾಬಿಗೆ ಒಳ್ಳೆಯದು, ಆದರೆ ಅಲ್ಲಿಯೂ ಹಣ್ಣುಗಳಿರಬಾರದು. ಆಂಥೂರಿಯಂ ಮತ್ತು ಹೆಲಿಕೋನಿಯಾಗಳು ಉಷ್ಣವಲಯದವು. ಫ್ರಿಜ್ಜಿನ ಚಳಿಗೆ ಅವು ಕಪ್ಪಾಗುತ್ತವೆ.

ಜೋಡಿಸುವ ಕಲೆ ನನಗೆ ಬಾರದು. ಕಲಿಯಲೇಬೇಕೆ?

ಬೇಕಿಲ್ಲ. ಕುತೂಹಲವಿದ್ದರೆ ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ವೇಳೆ ಇಕೆಬಾನ ಜೋಡಣೆಗಳನ್ನು ನೋಡಿ ಬರಬಹುದು. ಜನಜಂಗುಳಿಯೆಲ್ಲ 1889ರ ಗಾಜಿನ ಮನೆಯ ಕಡೆ ಇರುವುದರಿಂದ ಅಲ್ಲಿ ನಿಂತು ನೋಡಲು ಪುರುಸೊತ್ತು ಸಿಕ್ಕುತ್ತದೆ. ಜಪಾನಿನ ಆ ಪದ್ಧತಿಯಿಂದ ನಾವು ತೆಗೆದುಕೊಳ್ಳಬಹುದಾದ ವಸ್ತುವೊಂದಿದೆ: ಮೊಳೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಭಾರವಾದ ಲೋಹದ ಬಿಲ್ಲೆ. ಅದರಲ್ಲಿ ದಂಟನ್ನು ಚುಚ್ಚಿ ನಿಲ್ಲಿಸಿದರೆ ಊಟದ ತಟ್ಟೆಯೂ ಹೂದಾನಿಯಾಗುತ್ತದೆ, ಮತ್ತು ಮೂರೇ ಹೂಗಳು ಸಾಲುತ್ತವೆ. ಅದಿಲ್ಲದಿದ್ದರೆ ಅಗಲ ಬಾಯಿಯ ಪಾತ್ರೆಯ ಮೇಲೆ ಅಂಟುಪಟ್ಟಿಯನ್ನು ಚೌಕಚೌಕವಾಗಿ ಬಿಗಿದು ಆ ಕಿಂಡಿಗಳಲ್ಲಿ ಹೂ ನಿಲ್ಲಿಸಬಹುದು. ಹಸಿರಿಗಾಗಿ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ದವನ, ಮರುಗ, ತುಳಸಿಯ ಕದಿರು, ಬೆಳೆದ ಸಬ್ಬಸಿಗೆಯ ಹೂ ಇವೆಲ್ಲ ವಾಸನೆಯನ್ನೂ ಕೊಡುತ್ತವೆ.

ಗ್ಲಾಡಿಯೋಲಸ್ ದಂಟುಗಳನ್ನು ಓರೆಯಾಗಿ ಒರಗಿಸಿಟ್ಟರೆ ಮರುದಿನದ ಹೊತ್ತಿಗೆ ತುದಿಗಳೆಲ್ಲ ಮೇಲಕ್ಕೆ ಡೊಂಕಾಗಿರುತ್ತವೆ. ಇದು ನಿಮ್ಮ ತಪ್ಪಲ್ಲ, ಭೂಮಿಯ ಸೆಳೆತಕ್ಕೆ ವಿರುದ್ಧವಾಗಿ ಬೆಳೆಯುವುದು ಅದರ ಸ್ವಭಾವ.

ಯಾವ ಹೂಗಳ ಬಗ್ಗೆ ಎಚ್ಚರ ಬೇಕು?

ಕಣಗಿಲೆಯ ಎಲ್ಲ ಭಾಗಗಳೂ ವಿಷ. ಮಗುವಿನ ಕೈಗೆ ಎಟಕುವ ಮೇಜಿನ ಮೇಲೆ ಅದನ್ನಿಡಬಾರದು. ಗಂಟೆಯಂತೆ ಇಳಿಬೀಳುವ ಏಂಜಲ್ಸ್ ಟ್ರಂಪೆಟ್ ದತ್ತೂರಿಯ ಹತ್ತಿರದ ಸಂಬಂಧಿಯಾಗಿದ್ದು ಅಷ್ಟೇ ಅಪಾಯಕಾರಿ. ಬೆಕ್ಕು ಸಾಕಿರುವ ಮನೆಗೆ ಅಂಗಡಿಯಲ್ಲಿ ಸಿಗುವ ಏಷಿಯಾಟಿಕ್, ಓರಿಯೆಂಟಲ್ ಲಿಲಿಗಳನ್ನು ತರಲೇಬಾರದು. ಅವುಗಳ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಹೀಗೆ ಹೂ ಕೊಯ್ಯುತ್ತಿದ್ದರೆ ಗಿಡ ಸೊರಗುವುದಿಲ್ಲವೇ?

ಜಿನ್ನಿಯಾ, ಕಾಸ್ಮೋಸ್, ಡೇಲಿಯಾಗಳು ಕೊಯ್ದಷ್ಟೂ ಹೆಚ್ಚು ಹೂ ಬಿಡುತ್ತವೆ, ಏಕೆಂದರೆ ಬೀಜ ಕಟ್ಟುವ ಅವಕಾಶ ತಪ್ಪಿದ ಗಿಡವು ಮತ್ತೆ ಪ್ರಯತ್ನಿಸುತ್ತದೆ. ಗುಲಾಬಿಯನ್ನು ಐದು ಕಿರುಎಲೆಗಳಿರುವ ಎಲೆಯೊಂದರ ಸ್ವಲ್ಪ ಮೇಲೆ, ಗಿಡದ ಹೊರಮುಖವಾಗಿರುವ ಕಣ್ಣಿನ ಬಳಿ ಕತ್ತರಿಸಿದರೆ ಅದೇ ಸವರಿಕೆಯಾಗುತ್ತದೆ. ಉದ್ದ ದಂಟಿನ ಆಸೆಗೆ ಬುಡದವರೆಗೆ ಕತ್ತರಿಸಬಾರದು. ಗ್ಲಾಡಿಯೋಲಸ್ ಮತ್ತು ಅಮರಿಲ್ಲಿಸ್‌ಗಳಲ್ಲಿ ಹೂದಂಟನ್ನು ಮಾತ್ರ ತೆಗೆದು ಎಲೆಗಳನ್ನು ಬಿಡಬೇಕು. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಗೆಡ್ಡೆಗೆ ತುಂಬುವುದು ಆ ಎಲೆಗಳೇ.

ಬಾಡಿದ ಮೇಲೆ?

ಒಂದು ಹೂ ಬಾಡಿತೆಂದು ಇಡೀ ಗೊಂಚಲನ್ನು ಎಸೆಯಬೇಕಾಗಿಲ್ಲ. ಬಾಡಿದುದನ್ನು ತೆಗೆದು, ಉಳಿದವುಗಳ ದಂಟನ್ನು ಮೋಟು ಮಾಡುತ್ತ, ಎತ್ತರದ ಹೂದಾನಿಯಿಂದ ಲೋಟಕ್ಕೆ, ಲೋಟದಿಂದ ಬಟ್ಟಲಿಗೆ ಇಳಿಸುತ್ತ ಬಂದರೆ ಗುಲಾಬಿಯೊಂದು ವಾರ ಕಳೆಯುತ್ತದೆ. ಕೊನೆಗೆ ಉಳಿದುದನ್ನು ಚೂರು ಮಾಡಿ ಕಾಂಪೋಸ್ಟ್ ಬುಟ್ಟಿಗೆ ಹಾಕಬಹುದು. ಬ್ಲೀಚ್ ಬೆರೆಸಿದ ನೀರನ್ನು ಮಾತ್ರ ಗಿಡದ ಬುಡಕ್ಕೆ ಸುರಿಯದೆ ಬಚ್ಚಲಿಗೆ ಚೆಲ್ಲಬೇಕು.